ಏಳು ಅಂಗುಲ ನೀರು

ಲೂಸಿಯಾನದ ತಳದಲ್ಲಿ, ಭೂಪಟ ಹರಿದು ಚಿಂದಿಯಾಗಿ
ಕಡಲೊಳಗೆ ಜೋತುಬಿದ್ದಿರುವ ಕಡೆ,
ಓವೀಡ್ ಪೆಲ್ಲೆಗ್ರಿನ್ ಅವರ ಅಂತ್ಯಸಂಸ್ಕಾರದ ಮನೆಗೆ
ಗ್ಯಾಸ್ ಪೈಪು ಎಳೆಯಲು ಹೋದೆ.
ಹಿತ್ತಿಲಲ್ಲಿ ಎಂಟಡಿ ಕಂಬಗಳ ಅಟ್ಟ,
ಅದರ ಮೇಲೆ ಹೊಸ ಜನರೇಟರು,
ಮೈಮೇಲಿನ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ.

ಇಷ್ಟೆತ್ತರ ಯಾಕೆ ಅಂದೆ.
ಒಳಗೆ ಕರೆದು ಗೋಡೆ ತೋರಿಸಿದರು.
ಪೆನ್ಸಿಲ್ಲಿನ ಗೀಟು, ಪಕ್ಕದಲ್ಲಿ ಇಸವಿ,
ಮತ್ತೊಂದು ಗೀಟು, ಮತ್ತೊಂದು ಇಸವಿ,
ಮೊಮ್ಮಕ್ಕಳನ್ನು ನಿಲ್ಲಿಸಿ ಅಳೆದ ಹಾಗೆ.
ಅಳೆದದ್ದು ಮನೆಯೊಳಗೆ ಬಂದು ನಿಂತ ನೀರನ್ನು.
ಎಲ್ಲಕ್ಕಿಂತ ಮೇಲಿನದು ನನ್ನ ಹುಬ್ಬಿಗೆ ಸಮ.
"ಮುಂದೆ ಹುಟ್ಟೋದು ಇನ್ನೂ ಉದ್ದ ಇರಬಹುದು" ಅಂದರು.

ಹಿಂದಿನ ಸಲ ಹನ್ನೊಂದು ದಿನ ಕರೆಂಟಿಲ್ಲ.
ಆಗ ಇದ್ದದ್ದು ಡೀಸೆಲ್ ಯಂತ್ರ,
ಮೂರನೇ ದಿನಕ್ಕೆ ಅದರ ತೊಟ್ಟಿ ಒಣಗಿತು,
ರಸ್ತೆಯೇ ಇಲ್ಲದ ಮೇಲೆ ಲಾರಿ ಎಲ್ಲಿಂದ?
"ತಣ್ಣನೆ ಕೋಣೆಯಲ್ಲಿ ನಾಲ್ಕು ಜನ ಇದ್ದರು" ಅಂದರು.
ಜನ ಅಂದರು. ಬೇರೆ ಪದ ಅವರ ಬಾಯಿಗೆ ಬರುವುದಿಲ್ಲ.
"ಸಿಗಡಿ ದೋಣಿಯವರು ತಮ್ಮ ಐಸು ತಂದು ಸುರಿದರು,
ದುಡ್ಡು ಕೊಡೋಕೆ ಹೋದರೆ ಬೈದರು."
ನಾಲ್ವರಲ್ಲಿ ಒಬ್ಬಳು ನನ್ನ ನನೇನ್,
ಜ್ಞಾನಸ್ನಾನದ ದಿನ ನನ್ನನ್ನು ಎತ್ತಿ ಹಿಡಿದವಳು.
ಅವರಿಗೆ ನೆನಪಿತ್ತೋ ಏನೋ.
ನಾನು ಪೈಪಿಗೆ ಥ್ರೆಡ್ಡು ಕೊರೆಯುತ್ತಿದ್ದೆ,
ಎಣ್ಣೆ ಬಿಡುತ್ತ, ನಿಧಾನಕ್ಕೆ.

ಒಂದೂಕಾಲು ಅಂಗುಲದ ಕರಿ ಪೈಪು, ಎಂಬತ್ತು ಅಡಿ,
ಮೂರು ತಿರುವು. ತಿರುವಿಗೊಮ್ಮೆ ಗ್ಯಾಸಿಗೂ ದಣಿವು.
ಯಂತ್ರದ ಬಾಯಿಗೆ ಮುಂಚೆ ಕೈಗೆಟಕುವ ಹಾಗೆ ಒಂದು ಕವಾಟ,
ಕಸ ಕೆಳಗೇ ಇಳಿದು ಕೂರಲು ಒಂದು ಗಿಡ್ಡ ಬಾಲ,
ನಡುಗುವ ಯಂತ್ರ ಗಟ್ಟಿ ಪೈಪನ್ನು ಮುರಿಯದಿರಲೆಂದು
ಕೊನೆಯಲ್ಲಿ ಬಾಗುವ ಕೊಳವೆ.
ಗಾಳಿ ತುಂಬಿ ಮುಚ್ಚಿಟ್ಟು ಊಟ ಮುಗಿಸಿ ಬಂದೆ,
ಮುಳ್ಳು ಇದ್ದಲ್ಲೇ ಇತ್ತು.
ಕೀಲು ಕೀಲಿಗೂ ಸಾಬೂನಿನ ನೊರೆ ಬಳಿದೆ,
ಒಂದು ಗುಳ್ಳೆಯೂ ಏಳಲಿಲ್ಲ.

ಆಮೇಲೆ ಗ್ಯಾಸು ಬಿಟ್ಟು, ಯು ಆಕಾರದ ಗಾಜಿನ ನಳಿಗೆ ಸಿಕ್ಕಿಸಿದೆ.
ಒಳಗಿನ ಕೆಂಪು ನೀರು ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏರಿತು.
"ಏಳು ಅಂಗುಲ ನೀರು" ಅಂದೆ,
ಗ್ಯಾಸಿನ ಒತ್ತಡ ಅಳೆಯುವುದೇ ಹಾಗೆ.
ಓವೀಡ್ ನಕ್ಕುಬಿಟ್ಟರು, ಕನ್ನಡಕ ತೆಗೆದು ಒರೆಸಿಕೊಂಡರು.
"ನೀರಿನ ಲೆಕ್ಕ ಅಂಗುಲದಲ್ಲಿ ಕೇಳಿ ಎಷ್ಟು ವರ್ಷವಾಯ್ತು, ಡೆಲ್ಫೀನ್!"

ಗುಂಡಿ ಒತ್ತಿದೆ. ಯಂತ್ರ ಎದ್ದಿತು, ಗಟಗಟ ಕುಡಿಯಿತು.
ಏಳು ಆರಾಯಿತು. ನಾಲ್ಕು. ಮೂರು.
ಅಡುಗೆಮನೆಯಲ್ಲಿ ಕಾಫಿ ಪಾತ್ರೆಯ ಕೆಳಗಿನ ನೀಲಿ ಜ್ವಾಲೆ
ಕುಳಿತೇಬಿಟ್ಟಿತು.
ಎರಡು ಸಲ ಕೆಮ್ಮಿ ಯಂತ್ರ ನಿಂತಿತು.

ಪೈಪಿನ ತಪ್ಪಲ್ಲ, ಮೀಟರಿನದು.
ಒಂದು ಒಲೆ, ಒಂದು ಬಿಸಿನೀರಿನ ಹಂಡೆ ನೋಡಿ
ಯಾವುದೋ ಕಾಲದಲ್ಲಿ ಕೊಟ್ಟ ಮೀಟರು,
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ನಾನೇ ಮೊದಲು ನೋಡಬೇಕಿತ್ತು. ನೋಡಿರಲಿಲ್ಲ.
ಹಾಗಂತ ಹೇಳಿದೆ, ಕಿವಿ ಬಿಸಿಯಾಯಿತು.
ಕಂಪನಿಗೆ ಬರೆದೆ, ಫೋನು ಮಾಡಿದೆ, ಮತ್ತೆ ಮಾಡಿದೆ.
ಒಂಬತ್ತು ದಿನ.
ಅಷ್ಟರಲ್ಲಿ ಟೀವಿಯ ಕೊಲ್ಲಿಯಲ್ಲಿ ಒಂದು ಬಿಳಿ ಸುಳಿ ಹುಟ್ಟಿ,
ಯೋಚಿಸಿ, ಬೇರೆಯವರ ಊರಿನ ಕಡೆ ತಿರುಗಿತು.
ಸಮಾಧಾನವಾಯಿತು ಅನ್ನಲು ನಾಚಿಕೆ. ಆಯಿತು.

ಹತ್ತನೇ ದಿನ ದೊಡ್ಡ ಮೀಟರು, ಹೊಸ ರೆಗ್ಯುಲೇಟರು.
ಮುಖ್ಯ ಸ್ವಿಚ್ಚು ಇಳಿಸಿ, ಕತ್ತಲಲ್ಲಿ ಹತ್ತು ಎಣಿಸಿದೆವು.
ಯಂತ್ರ ಎದ್ದಿತು. ದೀಪ ಬಂತು.
ಆರೂವರೆ ಅಂಗುಲ, ಅಲುಗದೆ.
ಒಲೆಯ ಜ್ವಾಲೆ ಒಮ್ಮೆ ತಲೆಬಾಗಿಸಿ ಸರಿಯಾಗಿ ನಿಂತಿತು.
ಓವೀಡ್ ತಣ್ಣನೆ ಕೋಣೆಯ ಉಕ್ಕಿನ ಬಾಗಿಲಿಗೆ
ಅಂಗೈ ಒತ್ತಿ ನಿಂತರು, ಬಹಳ ಹೊತ್ತು,
ಹಿತ್ತಿಲಲ್ಲಿ ಬೆಂಕಿ ಉರಿದು
ಇಲ್ಲಿ ಚಳಿಯಾಗುವುದನ್ನು ನಂಬಲು.

ಬಿಲ್ಲಿನ ಕೊನೆಗೆ ಒಂದು ಸಾಲು ಬರೆದೆ:
ಐಸಿನ ಬಾಬ್ತು, ಹಳೇ ಬಾಕಿ, ಕಳೆದಿದೆ.
ಓದಿದರು. ಮಡಚಿ ಜೇಬಿಗಿಟ್ಟರು.

ಇನ್ನೊಂದು ಕೆಲಸ ಉಳಿದಿತ್ತು.
ವಾರಕ್ಕೊಮ್ಮೆ ಅದು ತಾನಾಗಿ ಎದ್ದು
ಹನ್ನೆರಡು ನಿಮಿಷ ಓಡಿ ಮಲಗುತ್ತದೆ, ತುಕ್ಕು ಹಿಡಿಯದಿರಲು.
ಹೊತ್ತು ನಾವು ಗೊತ್ತು ಮಾಡಬೇಕು.
"ಇಲ್ಲಿ ಯಾರೂ ಅಳದಿರುವ ಹೊತ್ತು ಯಾವುದು?"
ಮೇಜಿನ ಕ್ಯಾಲೆಂಡರು ಹಿಂದೆ ತಿರುವಿದರು, ಮುಂದೆ ತಿರುವಿದರು.
"ಮಂಗಳವಾರ, ಬೆಳಿಗ್ಗೆ ಆರೂಕಾಲು" ಅಂದರು ಕೊನೆಗೆ.
"ಆಗ ಕುರ್ಚಿ ಒರೆಸುತ್ತ ನಾನೊಬ್ಬನೇ ಇರುತ್ತೇನೆ."